ಇಬ್ಬರೂ ಇರೋವರೆಗೆ

ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ, ಮಂಡಿನೋವಿಗೆ ಎಂದು ಇಬ್ಬರ ಮಾತ್ರೆ ಎರಡು ಸಾವಿರದ ಎಂಟುನೂರು. ಶಂಭುಲಿಂಗಯ್ಯನ ಎದೆಯ ಮಾತ್ರೆ ಬೇರೆ, ಅದು ಸಾವಿರದ ಆರುನೂರು. ಹಾಲಿಗೆ ಸಾವಿರದ ಇನ್ನೂರು. ಬಟ್ಟೆ ಒಗೆದುಕೊಡುವ ಭೈರಮ್ಮನಿಗೆ ಸಾವಿರದ ಐನೂರು. ಕರೆಂಟಿಗೆ ಏಳುನೂರು. ಹೂವು, ವಿಭೂತಿ, ಎಲೆಯಡಿಕೆ, ಮಠಕ್ಕೆ ಹೋಗಿಬರುವ ಖರ್ಚು ಸೇರಿ ಇನ್ನೊಂದು ಏಳುನೂರು. ಬಸ್ಸಿನಲ್ಲಿ ಗಂಡನಿಗೆ ಮಾತ್ರ ಟಿಕೆಟ್ಟು, ಹೆಂಗಸರಿಗೆ ಪುಕ್ಕಟೆ. ಮಿಕ್ಕ ಐನೂರು ಮೊಮ್ಮಗಳು ವರ್ಷಿಣಿಯ ಕೈಗೆ. ಒಟ್ಟು ಒಂಬತ್ತು ಸಾವಿರ. ಸಿದ್ದಗಂಗಮ್ಮ ಆರು ವರ್ಷ ಹೀಗೇ ಸರಿತೂಗಿಸಿದ್ದಳು. ಒಂದು ತಿಂಗಳೂ ಮಗನ ಮುಂದೆ ಕೈಚಾಚಿರಲಿಲ್ಲ.

ಆ ಒಂಬತ್ತು ಸಾವಿರ ಪಿಂಚಣಿಯಲ್ಲ. ಶಂಭುಲಿಂಗಯ್ಯ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದವನು. ಮಂಡಿಯವರು ಪಿಂಚಣಿ ಕೊಡುವುದುಂಟೆ? ದುಡ್ಡು ಬರುತ್ತಿದ್ದುದು ಮನೆಯಿಂದ. ಅವನು ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆಯ ಪತ್ರಗಳನ್ನು ಬ್ಯಾಂಕಿಗೆ ಕೊಟ್ಟಿದ್ದ. ಬ್ಯಾಂಕು ಪ್ರತಿ ತಿಂಗಳು ಐದನೇ ತಾರೀಕು ಖಾತೆಗೆ ದುಡ್ಡು ಹಾಕುತ್ತಿತ್ತು. ಮನೆಯಲ್ಲಿ ಇವರೇ ಇದ್ದರು. ಮಗ ಪರಮೇಶ್, ಸೊಸೆ ಸೌಮ್ಯ, ವರ್ಷಿಣಿ ಎಲ್ಲ ಒಟ್ಟಿಗೆ. ಕಂತು ಕಟ್ಟುವ ಗೋಜಿರಲಿಲ್ಲ. ಬ್ಯಾಂಕಿನವರು ಅದಕ್ಕೆ ಹಿಮ್ಮುಖ ಅಡಮಾನ ಎಂದು ಹೆಸರು ಹೇಳಿದ್ದರು. ಸಿದ್ದಗಂಗಮ್ಮ ಮಾತ್ರ ‘ಮನೆ ದುಡ್ಡು’ ಅನ್ನುತ್ತಿದ್ದಳು.

ಎಪ್ಪತ್ತೆಂಟನೇ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟ ಶಂಭುಲಿಂಗಯ್ಯ ಕೂತ ಕುರ್ಚಿಯಿಂದ ಏಳಲಿಲ್ಲ.

ಹನ್ನೊಂದನೇ ದಿನದ ಶಿವಗಣಾರಾಧನೆಗೆ ಇನ್ನೂರು ಎಲೆ ಬಿತ್ತು. ಊಟ ಮುಗಿದು ನೆಂಟರು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುವಾಗ ಸಿದ್ದಗಂಗಮ್ಮನ ತಮ್ಮ ಮರುಳಪ್ಪ ಮಾತು ತೆಗೆದ. ಕೊಬ್ಬರಿ ವ್ಯಾಪಾರಿ, ಗಂಟಲು ಮಂಡಿಯ ಹರಾಜಿಗೆ ಪಳಗಿದ್ದು, ಮೆಲ್ಲಗೆ ಮಾತಾಡಿದರೂ ಬೀದಿಗೆ ಕೇಳುತ್ತಿತ್ತು.

“ಭಾವ ದೊಡ್ಡ ಮನುಷ್ಯ ಕಣ್ಲಾ ಪರಮೇಶಿ. ಒಂದೇ ಒಂದು ಕೊರತೆ. ಮನೇನ ಭೋಗ್ಯಕ್ಕೆ ಹಾಕಿ ಹೋಗ್ಬುಟ್ರು.”

“ಬಿಡಿಸ್ತೀನಿ ಬುಡು ಮಾವ,” ಅಂದ ಪರಮೇಶ್. ಅವನ ಕಿವಿ ಕೆಂಪಾಗಿತ್ತು.

“ವರ್ಷದ ತಿಥಿಯೊಳಗೆ ಬಿಡಿಸಪ್ಪ. ಬಿಡಿಸದೆ ಎಡೆ ಇಟ್ರೆ ನೋಡೋರು ಏನಂದಾರು? ಬ್ಯಾಂಕಿಗೆ ಈಗ್ಲೇ ಸುದ್ದಿ ಮುಟ್ಟಿಸ್ಬ್ಯಾಡ. ಗೊತ್ತಾದ್ರೆ ಬಾಗಿಲಿಗೆ ನೋಟೀಸು ಅಂಟಿಸ್ತಾರೆ. ಮೊದ್ಲು ದುಡ್ಡು ಹೊಂದಿಸ್ಕೊ.”

ಭೋಗ್ಯ ಎಂದರೆ ಆ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ದುಡ್ಡು ಕೊಟ್ಟವನು ಮನೆಯಾದರೆ ಬಂದು ಕೂರುತ್ತಾನೆ, ತೋಟವಾದರೆ ಕಾಯಿ ಕೆಡವಿಕೊಳ್ಳುತ್ತಾನೆ. ಬಡ್ಡಿಯಿಲ್ಲ. ಇಸಕೊಂಡಷ್ಟೇ ದುಡ್ಡನ್ನು ಎಣಿಸಿಕೊಟ್ಟ ದಿನ ಬಿಟ್ಟು ಹೋಗುತ್ತಾನೆ. ಹಾಕಿದವನು ತೀರಿಕೊಂಡರೆ ಬಿಡಿಸುವ ಭಾರ ಮಕ್ಕಳದು. ಪರಮೇಶ್ ಅಂದೇ ಲೆಕ್ಕ ಮಾಡಿದ. ಒಂಬತ್ತು ಸಾವಿರದಂತೆ ಎಪ್ಪತ್ತೆರಡು ತಿಂಗಳು: ಆರು ಲಕ್ಷದ ನಲವತ್ತೆಂಟು ಸಾವಿರ.

ಸಿದ್ದಗಂಗಮ್ಮ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಹೊರಗೆ ಬಂದು ಎರಡು ಮಾತು ಅನ್ನಬೇಕೆನಿಸಿತು, ಅನ್ನಲಾಗಲಿಲ್ಲ. ಕಾಗದಕ್ಕೆ ರುಜು ಹಾಕಿದ ದಿನ ಆಗಿನ ಮ್ಯಾನೇಜರು ಹೇಳಿದ್ದ ಒಂದು ಮಾತು ಅವಳ ನೆನಪಿನಲ್ಲಿತ್ತು: “ನೀವಿಬ್ಬರೂ ಇರೋವರೆಗೆ ಯಾರೂ ಏನೂ ಕೇಳಲ್ಲಮ್ಮ.” ಆಗ ಅದು ಹಾಲು ಕುಡಿದಷ್ಟು ಸಮಾಧಾನ ಕೊಟ್ಟಿತ್ತು. ಈಗ ಇಬ್ಬರಿಲ್ಲ. ಒಬ್ಬಳು.

ಐದನೇ ತಾರೀಕು ಬಂತು. ಪೆಟ್ಟಿಗೆಯ ಮೇಲಿಟ್ಟಿದ್ದ ಗಂಡನ ಮೊಬೈಲು ಟಿಣ್ ಎಂದಿತು. ವರ್ಷಿಣಿ ಓದಿ, “ಅಜ್ಜಿ, ಒಂಬತ್ತು ಸಾವಿರ ಬಂದೈತೆ,” ಅಂದಳು.

“ಇರ್ಲಿ ಬುಡು. ಮುಟ್ಬ್ಯಾಡ.”

ಸತ್ತವರ ಹೆಸರಿಗೆ ತಿಳಿಯದೆ ಬಂದ ದುಡ್ಡು, ನಾಳೆ ಬ್ಯಾಂಕಿನವರು ಕಳ್ಳಿ ಅಂದರೆ? ಆ ತಿಂಗಳು ಅವಳು ಬ್ಯಾಂಕಿಗೆ ಹೋಗಲಿಲ್ಲ. ಭೈರಮ್ಮನಿಗೆ “ಬಟ್ಟೆ ಕಮ್ಮಿ ಕಣವ್ವ, ನಾನೇ ಹಿಂಡ್ಕಂತೀನಿ” ಎಂದು ಹೇಳಿ ಕಳಿಸಿದಳು. ಸಕ್ಕರೆ ಮಾತ್ರೆಯನ್ನು ಅರ್ಧ ಮುರಿದು ನುಂಗತೊಡಗಿದಳು.

ಪರಮೇಶ್ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಬೇಸಿಗೆಯಲ್ಲಿ ಪಂಪುಗಳು ಸುಟ್ಟಷ್ಟೂ ಅವನಿಗೆ ಊಟ. ಅದು ಬಿಟ್ಟರೆ ಹಾಲ್ಕುರಿಕೆಯ ಒಂದೂವರೆ ಎಕರೆ ತೋಟ. ಅದು ಅಜ್ಜನ ಕಾಲದ್ದು, ಅರವತ್ತೆರಡು ತೆಂಗಿನ ಮರ. ಕೆಡವಿದ ಕಾಯಿಯನ್ನು ಮನೆಯ ಹಿತ್ತಲಿನ ಅಟ್ಟಕ್ಕೆ ಹಾಕಿ ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಉಂಡೆಯಾಗಿ ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಅನ್ನುತ್ತದೆ. ಆಗ ಒಡೆದರೆ ಕೊಬ್ಬರಿ. ಈಗ ಅಟ್ಟದಲ್ಲಿದ್ದ ನಾಲ್ಕು ಸಾವಿರ ಕಾಯಿಗೆ ಎಂಟೇ ತಿಂಗಳಾಗಿತ್ತು.

ಒಂದು ಭಾನುವಾರ ಹಿತ್ತಲಲ್ಲಿ ದಡಬಡ ಸದ್ದಾಯಿತು. ಸಿದ್ದಗಂಗಮ್ಮ ಹೋಗಿ ನೋಡಿದರೆ ಪರಮೇಶ್ ಅಟ್ಟದಿಂದ ಕಾಯಿ ಇಳಿಸುತ್ತಿದ್ದ. ಗೇಟಿನಲ್ಲಿ ಗಾಡಿ ನಿಂತಿತ್ತು.

“ಲೇ, ಏನ್ ಮಾಡ್ತಿದೀಯ? ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ರೀನೂ ಅಲ್ಲ, ಇದ್ನ ಯಾರ್ಲಾ ತಗಂತಾರೆ?”

“ಎಣ್ಣೆ ಮಿಲ್ಲಿನೋರು ತಗಂತಾರೆ. ಐವತ್ತೆಂಟು ಸಾವ್ರ.”

“ಮೂರು ತಿಂಗ್ಳು ಬುಟ್ರೆ ಲಕ್ಷದ ಮಾಲು ಕಣ್ಲಾ!”

“ಮೂರು ತಿಂಗ್ಳು ನನ್ ಹತ್ರ ಇಲ್ಲಮ್ಮ. ಮಾವ ಕೆರೆ ಕಡೆ ಇಪ್ಪತ್ತು ಗುಂಟೆಗೆ ಆರು ಲಕ್ಷ ಅಂದವ್ನೆ. ಐವತ್ತು ಸಾವ್ರ ಮುಂಗಡ ಕೊಟ್ಟೂ ಆಯ್ತು. ಈ ದುಡ್ಡು ಸೇರಿದ್ರೆ ಬ್ಯಾಂಕಿನ್ದು ತೀರ್ತದೆ. ನಾಳೆ ಬುಟ್ಟು ಮುಂದಿನ ಸೋಮವಾರ ಕ್ರಯ. ನಿನ್ ರುಜೂನೂ ಬೇಕು.”

ಕೆರೆ ಕಡೆಯ ಇಪ್ಪತ್ತು ಗುಂಟೆಯಲ್ಲಿ ಇಪ್ಪತ್ತಾರು ಮರ. ತೋಟದಲ್ಲಿ ಬೇರೆ ಮರ ಎಂಬತ್ತು ಕಾಯಿ ಬಿಟ್ಟರೆ ಅವು ನೂರಿಪ್ಪತ್ತು ಬಿಡುತ್ತಿದ್ದವು. ಮರುಳಪ್ಪನ ತೋಟ ಪಕ್ಕದ್ದೇ. ಅವನ ಕಣ್ಣು ಅಲ್ಲಿ ಬಿದ್ದು ಹತ್ತು ವರ್ಷವಾಗಿತ್ತು.

ಮಧ್ಯಾಹ್ನ ಮುದ್ದೆಗೆ ಹುರುಳಿಕಾಳಿನ ಸಾರು ಬಡಿಸುತ್ತ ಸೌಮ್ಯ ಶುರುಮಾಡಿದಳು. “ರೀ, ತೋಟ ಮಾರಿ ಮನೆ ಬಿಡಿಸ್ಕಂಡ್ರೆ ಗೋಡೆ ನೆಕ್ಕಾನ?”

“ಮಾನ ಅನ್ನಾದು ಒಂದೈತೆ ಸೌಮ್ಯ.”

“ಮಾನಕ್ಕೆ ಕ್ವಿಂಟಾಲಿಗೆಷ್ಟು ಅಂತ ನಿಮ್ ಮಾವನ್ನ ಕೇಳ್ಕಂಡ್ ಬನ್ನಿ. ಇವ್ಳ ಬಿ.ಕಾಂ. ಇನ್ನೂ ಎರಡು ವರ್ಷ ಐತೆ.”

“ನನ್ನ ಯಾಕಮ್ಮ ಎಳೀತಿಯಾ?” ಅಂದಳು ವರ್ಷಿಣಿ.

“ನೀನು ಸುಮ್ನೆ ಉಣ್ಣು.”

ಪರಮೇಶ್ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ. ಆ ಮನೆಯಲ್ಲಿ ಮುದ್ದೆ ಬಿಟ್ಟು ಏಳುವುದೆಂದರೆ ಬೈದದ್ದಕ್ಕಿಂತ ಹೆಚ್ಚು.

ಬುಧವಾರ ಸೌಮ್ಯ ಅತ್ತೆಯ ಮಾತ್ರೆ ಡಬ್ಬಿ ಒರೆಸಲು ತೆಗೆದಳು. ಹತ್ತು ದಿನದ ಹಿಂದೆಯೇ ಮುಗಿಯಬೇಕಿದ್ದ ಹಾಳೆಯಲ್ಲಿ ಇನ್ನೂ ಆರು ಮಾತ್ರೆ ಇದ್ದವು. ಒಂದರದ್ದು ಅರ್ಧ ಚೂರು ಕಾಗದದಲ್ಲಿ ಮಡಚಿಟ್ಟಿತ್ತು.

“ಏನತ್ತೆ ಇದು?”

“ಪೂರ್ತಿ ನುಂಗಿದ್ರೆ ತಲೆ ತಿರುಗ್ತದೆ ಕಣೇ.”

“ಸುಳ್ಳು ಹೇಳಕ್ಕೂ ಬರಲ್ಲ ನಿಮ್ಗೆ. ದುಡ್ಡು ತಂದಿಲ್ಲ ಅಲ್ವಾ? ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

ಸಿದ್ದಗಂಗಮ್ಮ ಸೆರಗಿನ ತುದಿ ಹಿಸುಕುತ್ತ ಎಲ್ಲ ಹೇಳಿದಳು. ಮ್ಯಾನೇಜರ ಮಾತು, ಇಬ್ಬರೂ ಇರೋವರೆಗೆ ಅಂದದ್ದು, ತಾನೊಬ್ಬಳೇ ಉಳಿದದ್ದು. ಸೌಮ್ಯ ಮಾತ್ರೆ ಡಬ್ಬಿ ಕೆಳಗಿಟ್ಟಳು.

“ಅತ್ತೆ, ಇಬ್ರೂ ಇರೋವರೆಗೆ ಅಂದ್ರೆ ಇಬ್ರೂ ಒಟ್ಟಿಗೆ ಇರೋವರೆಗೆ ಅಂತಾನೂ ಆಯ್ತದೆ. ಇಬ್ರಲ್ಲಿ ಒಬ್ರಾದ್ರೂ ಇರೋವರೆಗೆ ಅಂತಾನೂ ಆಯ್ತದೆ. ಯಾವ್ದು ಅವ್ರು ಹೇಳಿದ್ದು?”

“ಅದೇ ತಿಳೀತಿಲ್ಲ.”

“ತಿಳಿಯದೆ ಇಪ್ಪತ್ತಾರು ಮರ ಮಾರಾದಾ? ಹೋಗಿ ಕೇಳ್ರಿ.”

“ಬ್ಯಾಂಕಿಗೆ ಹೋಗ್ಬ್ಯಾಡಿ ಅಂತ ಪರಮೇಶಿ ಹೇಳವ್ನಲ್ಲ.”

“ನಂಗೆ ಬ್ಯಾಡ ಅಂದವ್ರೆ. ನಿಮ್ಗೆ ಬ್ಯಾಡ ಅನ್ನಾಕೆ ಅವರ್ಯಾರು? ನೀವು ಹೆತ್ತೋರು.”

ಶುಕ್ರವಾರ ಸಿದ್ದಗಂಗಮ್ಮ ವರ್ಷಿಣಿಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದಳು. ಸಾಲದ ವಿಭಾಗದಲ್ಲಿ ಈಗ ಮಧುಶ್ರೀ ಎಂಬ ಹುಡುಗಿ ಇದ್ದಳು, ಮೂವತ್ತು ದಾಟಿರಲಿಕ್ಕಿಲ್ಲ. ಪಾಸ್‌ಬುಕ್ಕನ್ನು ಮೇಜಿನ ಮೇಲಿಟ್ಟು ಸಿದ್ದಗಂಗಮ್ಮ ನಿಂತೇ ಹೇಳಿಬಿಟ್ಟಳು.

“ನಮ್ಮ ಮನೆಯೋರು ಹೋಗಿ ನಲವತ್ತೊಂದು ದಿನ ಆಯ್ತು ತಾಯಿ. ಹೇಳ್ದೆ ತಪ್ಪು ಮಾಡಿದೀವಿ. ಆಮೇಲೆ ಬಂದ ದುಡ್ಡು ಹಂಗೇ ಐತೆ, ಒಂದು ಪೈಸ ಮುಟ್ಟಿಲ್ಲ.”

ಮಧುಶ್ರೀ ಎದ್ದು ಬಂದು ಕುರ್ಚಿ ಎಳೆದು ಕೂರಿಸಿದಳು. “ಕೂತ್ಕೊಳ್ಳಿ ಅಜ್ಜಿ. ಹೇಳಬೇಕಿತ್ತು ನಿಜ. ಆದರೆ ಮುಚ್ಚಿಡೋಂಥದ್ದು ಇದರಲ್ಲಿ ಏನೂ ಇಲ್ಲ.”

ಬೀರುವಿನಿಂದ ದಪ್ಪ ಫೈಲು ಬಂತು. ಮಧುಶ್ರೀ ಒಂದು ಹಾಳೆಯ ಮೇಲೆ ಬೆರಳಿಟ್ಟು ಓದಿದಳು. ಇಬ್ಬರೂ ಸಾಲಗಾರರು, ಇಬ್ಬರಲ್ಲಿ ಕೊನೆಯವರು ಬದುಕಿರುವವರೆಗೆ, ಈ ಮನೆಯಲ್ಲಿ ವಾಸವಿರುವವರೆಗೆ, ಸಾಲ ತೀರಿಸಬೇಕಾದ್ದಿಲ್ಲ.

“ಕೊನೆಯವರು ಅಂದ್ರೆ ನಾನಾ?”

“ನೀವೇ ಅಜ್ಜಿ. ತಾತನ ಮರಣ ಪ್ರಮಾಣಪತ್ರ ತಂದುಕೊಡಿ, ಖಾತೆ ನಿಮ್ಮೊಬ್ಬರ ಹೆಸರಿಗೆ ಮಾಡ್ತೀವಿ. ದುಡ್ಡು ಹಾಗೇ ಬರ್ತಾ ಇರತ್ತೆ, ಇನ್ನೂ ಒಂಬತ್ತು ವರ್ಷ. ಆಮೇಲೆ ತಿಂಗಳ ದುಡ್ಡು ನಿಲ್ಲತ್ತೆ. ಆದರೂ ಮನೆ ಬಿಡಿ ಅಂತ ಯಾರೂ ಅನ್ನಲ್ಲ. ಮನೆ ಕಂದಾಯ, ಇನ್ಶೂರೆನ್ಸು ಕಟ್ಟಬೇಕು, ಸೋರಿದರೆ ರಿಪೇರಿ ಮಾಡಿಸಬೇಕು. ಅಷ್ಟೇ.”

ಸಿದ್ದಗಂಗಮ್ಮ ನೀರು ಕೇಳಿ ಕುಡಿದಳು. ಲೋಟ ಇಟ್ಟಮೇಲೆ ಅವಳ ವ್ಯವಹಾರದ ಬುದ್ಧಿ ಎದ್ದು ಕೂತಿತು.

“ಈಗ ಎಷ್ಟಾಗೈತೆ? ಆರು ನಲವತ್ತೆಂಟಾ?”

“ಅದು ನಿಮಗೆ ಕೊಟ್ಟಿದ್ದು. ಇದು ಭೋಗ್ಯ ಅಲ್ಲ, ಬಡ್ಡಿ ಇದೆ. ಪ್ರತಿ ತಿಂಗಳೂ ಬಡ್ಡಿ ಅಸಲಿಗೆ ಸೇರ್ತಾ ಹೋಗತ್ತೆ, ಅದಕ್ಕೂ ಬಡ್ಡಿ ಬೀಳತ್ತೆ. ಈಗ ಎಂಟು ಲಕ್ಷದ ಎಂಬತ್ತಮೂರು ಸಾವಿರ.”

ವರ್ಷಿಣಿ ಬಡ್ಡಿ ದರ ಕೇಳಿಕೊಂಡು ಮೊಬೈಲಿನಲ್ಲಿ ಗುಣಿಸಿ ತಲೆಯಾಡಿಸಿದಳು. “ಸರಿ ಐತೆ ಅಜ್ಜಿ. ಅಪ್ಪ ಸೋಮವಾರ ಆರೂವರೆ ತಂದಿದ್ರೆ ಎರಡು ಲಕ್ಷಕ್ಕೂ ಮೇಲೆ ಸಾಲದೇ ಬರ್ತಿತ್ತು.”

“ಅಂದ್ರೆ ತೋಟಾನೂ ಹೋಗಿ, ಮನೇನೂ ಬಿಡಿಸ್ದಂಗೆ.” ಸಿದ್ದಗಂಗಮ್ಮ ಮುಂದಕ್ಕೆ ಬಾಗಿದಳು. “ತಾಯಿ, ನಾನು ಬದುಕಿದಷ್ಟೂ ಸಾಲ ಬೆಳೀತದೆ?”

“ಹೌದಜ್ಜಿ.”

“ಮನೆ ಬೆಲೆ ಮೀರಿ ಬೆಳೆದ್ರೆ?”

“ಮೀರಿದ್ದು ಬ್ಯಾಂಕಿನ ನಷ್ಟ. ಮಗನ್ನ ಕೇಳಲ್ಲ, ತೋಟದ ತಂಟೆಗೆ ಬರಲ್ಲ. ನಿಮ್ಮ ಕಾಲ ಆದಮೇಲೆ ಮಗನಿಗೆ ಸಮಯ ಕೊಡ್ತೀವಿ. ಅವರು ಸಾಲ ಕಟ್ಟಿ ಪತ್ರ ತಗೋಬಹುದು. ಬೇಡ ಅಂದ್ರೆ ಮನೆ ಮಾರಿ, ನಮ್ಮದು ಹಿಡ್ಕೊಂಡು ಉಳಿದಿದ್ದು ಅವರಿಗೇ ಕೊಡ್ತೀವಿ. ನಡುವೆ ಕೈಯಲ್ಲಿ ಇದ್ದಾಗ ಹತ್ತೋ ಇಪ್ಪತ್ತೋ ಸಾವಿರ ಕಟ್ಟಿದರೂ ಆಗತ್ತೆ, ದಂಡ ಇಲ್ಲ. ಕಟ್ಟಿದಷ್ಟೂ ಬಡ್ಡಿ ಕಮ್ಮಿ.”

“ಹಂಗಾದ್ರೆ ಬದುಕಾದು ಒಂದೇ ನನ್ ಕೆಲ್ಸ,” ಅಂದಳು ಸಿದ್ದಗಂಗಮ್ಮ. ಪಕ್ಕದ ಮೇಜಿನವರೂ ನಕ್ಕರು.

ಮಧುಶ್ರೀ ಫೈಲು ಮುಚ್ಚುವವಳು ಇನ್ನೊಂದು ಹಾಳೆ ತಿರುಗಿಸಿದಳು. “ಅಜ್ಜಿ, ನಿಮ್ಮ ಹೆಸರು ಇದರಲ್ಲಿ ಸೇರಿದ್ದು ಸುಲಭಕ್ಕಲ್ಲ. ನಿಮ್ಮ ಗುರುತಿನ ಚೀಟಿಯಲ್ಲಿ ಆಗ ವಯಸ್ಸು ಐವತ್ತಮೂರು ಅಂತಿತ್ತು. ಸೇರಿಸೋಕೆ ಹೆಂಡತಿಗೆ ಐವತ್ತೈದಾದರೂ ಆಗಿರಬೇಕು ಅಂತ ನಿಯಮ. ತಾತನೊಬ್ಬರ ಹೆಸರಲ್ಲೇ ಮಾಡೋಣ ಅಂತ ಆಗಿನ ಮ್ಯಾನೇಜರು ಅಂದಿದ್ದಾರೆ. ತಾತ ಒಪ್ಪಿಲ್ಲ. ಎರಡು ಸಲ ಅರ್ಜಿ ವಾಪಸ್ಸು ಹೋಗಿದೆ. ಮೂರನೇ ಸಲ ತಾತ ಇದನ್ನ ತಂದುಕೊಟ್ಟಿದ್ದಾರೆ.”

ಆ ಹಾಳೆ ಅವಳು ಓದಿದ ಕಂದಿಕೆರೆ ಶಾಲೆಯ ದಾಖಲಾತಿ ಪುಸ್ತಕದ ನಕಲು. ಮೂರನೇ ತರಗತಿ, ಸಿದ್ದಗಂಗಮ್ಮ, ತಂದೆಯ ಹೆಸರು, ಹುಟ್ಟಿದ ದಿನ. ಆ ಪ್ರಕಾರ ಆಗ ಅವಳಿಗೆ ಅರವತ್ತೆರಡು.

ಸಿದ್ದಗಂಗಮ್ಮನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಚೀಟಿ ಬರೆಯಲು ಬಂದವರಿಗೆ ಒಂಬತ್ತು ವರ್ಷ ಕಮ್ಮಿ ಹೇಳಿದವಳು ಅವಳೇ. ಬ್ಯಾಂಕಿಗೆ ಅರ್ಜಿ ಹಾಕಿದ ವರ್ಷ ಗಂಡ ಮೂರು ಸಲ ಕಂದಿಕೆರೆಗೆ ಹೋಗಿದ್ದ. ಕೇಳಿದರೆ ಹಳೇ ಗೆಳೆಯನನ್ನು ನೋಡಿಬರಲು ಅನ್ನುತ್ತಿದ್ದ. “ಈ ವಯಸ್ಸಲ್ಲಿ ಯಾವ ಗೆಳೆಯ, ಬಿಸ್ಲಲ್ಲಿ ಅಲೆದು ಎದೆನೋವು ತರ್ಸ್ಕಂತೀರ” ಎಂದು ಅವಳು ಬೈದಿದ್ದಳು. ಅವನು ಬೈಸಿಕೊಂಡು ಸುಮ್ಮನಿದ್ದ. ಅವಳು ಸುಳ್ಳು ವಯಸ್ಸು ಹೇಳಿದ್ದನ್ನು ಆಡಿಕೊಳ್ಳಲೂ ಇಲ್ಲ.

“ತಾತ ಹೇಳೇ ಇರ್ಲಿಲ್ವಾ ಅಜ್ಜಿ?” ವರ್ಷಿಣಿ ಕೇಳಿದಳು.

“ಇಲ್ಲ ಕಣವ್ವ. ನಾನು ಬೈಯ್ಯೋದು ನಿಲ್ಸಿದ್ರೆ ತಾನೆ ಅವ್ರು ಹೇಳೋದು.”

ಖಾತೆಯಿಂದ ದುಡ್ಡು ತೆಗೆಸಿಕೊಂಡು, ಅಲ್ಲಿಂದ ಸೀದಾ ಮೆಡಿಕಲ್ ಸ್ಟೋರಿಗೆ ಹೋಗಿ ಪೂರ್ತಿ ತಿಂಗಳ ಮಾತ್ರೆ ಕೊಂಡಳು. ದಾರಿಯಲ್ಲಿ ಭೈರಮ್ಮ ಸಿಕ್ಕಳು. “ನಾಳೆಯಿಂದ ಬಾರವ್ವ, ಬಟ್ಟೆ ರಾಶಿ ಬಿದ್ದೈತೆ,” ಅಂದಳು.

ಸಂಜೆ ಪರಮೇಶನಿಗೆ ವಿಷಯ ತಿಳಿದು ಕೂಗಾಡಿದ. “ಯಾರನ್ನ ಕೇಳಿ ಹೋದೆ? ಸೋಮವಾರ ಕ್ರಯ ಇಟ್ಕಂಡು!”

“ಕ್ರಯಕ್ಕೆ ನಾನು ರುಜು ಹಾಕಲ್ಲ.”

“ನಾಳೆ ಊರೋರು ಅಪ್ಪ ಸಾಲ ಬಿಟ್ಟೋದ ಅಂದ್ರೆ?”

“ಅನ್ಲಿ. ಸಾಲ ಬಿಟ್ಟೋದ್ರು, ಹೆಂಡ್ತಿಗೆ ಊಟಾನೂ ಬಿಟ್ಟೋದ್ರು.”

ವರ್ಷಿಣಿ ಬ್ಯಾಂಕಿನಲ್ಲಿ ಬರೆದುಕೊಂಡು ಬಂದ ಹಾಳೆಯನ್ನು ಅಪ್ಪನ ಮುಂದಿಟ್ಟಳು. ಪರಮೇಶ್ ಅದನ್ನು ಎರಡು ಸಲ ಓದಿದ. ಎಂಟು ಎಂಬತ್ತಮೂರರ ಮೇಲೆ ಬೆರಳು ನಿಂತಿತು. ಆಮೇಲೆ ಅವನ ದನಿ ತಗ್ಗಿತು.

“ಒಂದ್ ಮಾತು ಹೇಳಮ್ಮ. ನಾನು ನಿಮ್ಮನ್ನ ಸಾಕ್ತಿರ್ಲಿಲ್ವಾ? ಅಪ್ಪ ಯಾಕೆ ಬ್ಯಾಂಕಿನ ಬಾಗ್ಲಿಗೆ ಹೋಗ್ಬೇಕಿತ್ತು?”

ಆರು ವರ್ಷದಿಂದ ಅವನ ಎದೆಯಲ್ಲಿದ್ದ ಮಾತು ಅದು. ಸಿದ್ದಗಂಗಮ್ಮ ಅವನ ತಟ್ಟೆಗೆ ಮುದ್ದೆ ಹಾಕುತ್ತ ಹೇಳಿದಳು.

“ಸಾಕ್ತಿದ್ದೆ ಕಣಪ್ಪ. ಅದಕ್ಕೇ ಹಂಗೆ ಮಾಡಿದ್ದು. ನೀನು ಇಲ್ಲ ಅನ್ನೋ ಮಗ ಆಗಿದ್ರೆ ನಿಮ್ಮಪ್ಪ ಜಗಳ ಆಡಿ ಇಸ್ಕಂತಿದ್ರು. ನೀನು ಇಲ್ಲ ಅನ್ನಲ್ಲ. ನಮ್ಮ ಮಾತ್ರೆಗೂ ಇವಳ ಫೀಸಿಗೂ ನಿಂದೊಂದೇ ಜೇಬು. ಎರಡೂ ಒಂದೇ ದಿನ ಬಂದ್ರೆ ನೀನು ಮೊದ್ಲು ಮಾತ್ರೆ ತರ್ತಿದ್ದೆ. ಅದಾಗ್ಬಾರ್ದು ಅಂದ್ರು.”

ಪರಮೇಶ್ ತಟ್ಟೆ ಹತ್ತಿರಕ್ಕೆ ಎಳೆದುಕೊಂಡ. ಸೌಮ್ಯ ಇನ್ನೊಂದು ಸೌಟು ಸಾರು ಹಾಕಿದಳು. ಆ ರಾತ್ರಿ ಅವನು ಮುದ್ದೆ ಪೂರ್ತಿ ಉಂಡ.

ಭಾನುವಾರ ಮರುಳಪ್ಪನನ್ನು ಮನೆಗೇ ಕರೆಸಿದರು. ಪರಮೇಶ್ ಐವತ್ತು ಸಾವಿರವನ್ನು ತಟ್ಟೆಯಲ್ಲಿಟ್ಟು ಮುಂದೆ ತಳ್ಳಿದ.

“ಏನ್ಲಾ ಇದು?”

“ಮುಂಗಡ ಮಾವ. ಕ್ರಯ ಇಲ್ಲ.”

ಮರುಳಪ್ಪ ಅಕ್ಕನ ಕಡೆ ತಿರುಗಿದ. “ಮಾತು ಆಡಿ ತಪ್ಪಾದಾ ಅಕ್ಕ? ಬೇರೆಯೋರಾಗಿದ್ರೆ ದಂಡ ಕೇಳ್ತಿದ್ದೆ.”

“ಕೇಳು. ನನ್ ಮದುವೆ ಆದಮೇಲೆ ಅಪ್ಪನ ಮನೆಯಿಂದ ನನಗೇನು ಬಂತು ಅಂತ ನಾನೂ ಕೇಳ್ತೀನಿ. ಕೂತು ಇಬ್ರೂ ಲೆಕ್ಕ ಮಾಡಾನ.”

ಮರುಳಪ್ಪ ಗಟ್ಟಿಯಾಗಿ ನಕ್ಕು ದುಡ್ಡನ್ನು ಎಣಿಸದೆ ಜೇಬಿಗಿಟ್ಟ. “ಬುಡು ಬುಡು. ಭೋಗ್ಯ ಅಲ್ಲ ಅಂದ್ಮೇಲೆ ಇನ್ನೇನು ಅದು?”

ವರ್ಷಿಣಿ ಅವನಿಗೆ ಮೊದಲಿನಿಂದ ಬಿಡಿಸಿ ಹೇಳಿದಳು. ಅವನು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ಕೇಳಿದ. ಕೇಳಿ ಮುಗಿದ ಮೇಲೆ, ಹರಾಜಿನ ಗಂಟಲು ಬಿಟ್ಟು ಮೆಲ್ಲಗೆ, “ನಮ್ಮನೆಯವ್ಳ ಹೆಸ್ರೂ ಸೇರುಸ್ಬೌದಾ ಮಗ? ನನ್ ಮನೇನೂ ನಾನೇ ಕಟ್ಟಿಸಿದ್ದು,” ಅಂದ.

“ಆ ಅಜ್ಜಿ ವಯಸ್ಸು ಎಷ್ಟು ತಾತ?”

“ಅದೇ ಗೊತ್ತಿಲ್ಲ. ಕೇಳಿದ್ರೆ ಹೊಡೀತಾಳೆ.”

ಎಣ್ಣೆ ಮಿಲ್ಲಿನ ಐವತ್ತೆಂಟು ಸಾವಿರವನ್ನೆಲ್ಲ ಬ್ಯಾಂಕಿಗೆ ಕಟ್ಟುತ್ತೇನೆ ಎಂದು ಪರಮೇಶ್ ಹೊರಟ. ಸಿದ್ದಗಂಗಮ್ಮ ತಡೆದಳು. “ನಲವತ್ತು ಕಟ್ಟು. ಹದಿನೆಂಟು ತೋಟಕ್ಕೆ ಗೊಬ್ರ ಹಾಕ್ಸು. ಮರ ಇದ್ರೆ ತಾನೆ ಬರೋ ವರ್ಷ ಕಟ್ಟಾದು.” ಮಂಗಳವಾರ ಅವನು ಮರಣ ಪ್ರಮಾಣಪತ್ರವನ್ನೂ ನಲವತ್ತು ಸಾವಿರವನ್ನೂ ಕೊಟ್ಟು ರಸೀದಿ ತಂದು ತಾಯಿಯ ಕೈಗಿತ್ತ. ಶಾಲೆಯ ನಕಲಿನ ಜೆರಾಕ್ಸನ್ನೂ ಅವನೇ ಕೇಳಿ ಮಾಡಿಸಿಕೊಂಡು ಬಂದಿದ್ದ.

ಅವಸರ ಮಾಡಿ ಇಳಿಸಿದ ಕಾಯಿಯಲ್ಲಿ ನಲವತ್ತು ಸಾವಿರಕ್ಕೂ ಮೇಲೆ ಹೋಯಿತು, ಅದು ಬರುವುದಿಲ್ಲ. ಮನೆಯ ಮೇಲೆ ಎಂಟು ಲಕ್ಷದ ನಲವತ್ತಮೂರು ಸಾವಿರ ಸಾಲ ಉಳಿದಿದೆ, ತಿಂಗಳು ತಿಂಗಳೂ ಬೆಳೆಯುತ್ತದೆ. ಸಿದ್ದಗಂಗ‌ಮ್ಮನ ಕಾಲಾನಂತರ ಮನೆಯನ್ನು ಉಳಿಸಿಕೊಳ್ಳಬೇಕೋ ಮಾರಬೇಕೋ ಎಂದು ಪರಮೇಶ್ ಆಗ ನೋಡಿಕೊಳ್ಳಬೇಕು. ಕೆರೆ ಕಡೆಯ ಇಪ್ಪತ್ತಾರು ಮರ ಅವರದಾಗಿಯೇ ಉಳಿದವು. ವರ್ಷಿಣಿಯ ಎರಡನೇ ವರ್ಷದ ಫೀಸು ಅಂಗಡಿಯ ದುಡ್ಡಿನಲ್ಲೇ ಹೋಯಿತು, ಯಾರ ಮಾತ್ರೆಯೂ ಅದಕ್ಕಾಗಿ ತಡವಾಗಲಿಲ್ಲ. ಗಂಡ ಹೋದಮೇಲೂ ಅವನು ಮಾಡಿಟ್ಟ ದುಡ್ಡಿನಲ್ಲಿ, ಅವನು ಕಟ್ಟಿಸಿದ ಮನೆಯಲ್ಲಿ, ಸಿದ್ದಗಂಗಮ್ಮ ಇದ್ದಾಳೆ.